ಕಾವಲುಗಾರನ ದಿನಚರಿಯನ್ನು ಓದುವ ಬಗೆ



ನಿಪ್ಪಾಣಿ ತಾಲ್ಲೂಕಿನ ಬೋರಗಾಂವದ ಜನರಿಗೆ ಇಚಲಕರಂಜಿಗೆ ಹೋಗಿಬರುವುದು ಹೊಸದೇನೂ ಅಲ್ಲ. ನಡುವೆ ರಾಜ್ಯದ ಗಡಿ ಇದೆ ಎಂಬುದು ದಿನನಿತ್ಯದ ವ್ಯವಹಾರದಲ್ಲಿ ಯಾರ ನೆನಪಿಗೂ ಬರುವುದಿಲ್ಲ. ಆದರೆ 2021ರಲ್ಲಿ, ಕೊರೊನಾ ಹಾವಳಿಯ ಸಮಯದಲ್ಲಿ, ಮಹಾರಾಷ್ಟ್ರದಿಂದ ಬರುವವರು ಆರ್‌ಟಿ-ಪಿಸಿಆರ್ ವರದಿಯನ್ನು ತೋರಿಸಲೇಬೇಕೆಂದು ನಮ್ಮ ಸರ್ಕಾರ ಆದೇಶಿಸಿತು. ಹೆದ್ದಾರಿಯ ಕೊಗನೋಳಿ ತಪಾಸಣಾ ಠಾಣೆಯಲ್ಲಿ ವಾಹನಗಳನ್ನು ನಿಲ್ಲಿಸಿ, ವರದಿ ಇಲ್ಲದವರನ್ನು ಹಿಂದಕ್ಕೆ ಕಳುಹಿಸಿದರು. ಹಾಗೆ ಹಿಂದಿರುಗಿದವರೆಲ್ಲರೂ ರೋಗಿಗಳಾಗಿದ್ದರೇ? ಇಲ್ಲ. ಅವರ ಕೈಯಲ್ಲಿ ಬೇಕಾದ ಕಾಗದ ಇರಲಿಲ್ಲ, ಅಷ್ಟೆ. ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಗಣಕಯಂತ್ರದ ಮುಂದೆ ಕುಳಿತುಕೊಳ್ಳೋಣ.

ಬೋರಗಾಂವದ ಒಬ್ಬ ವಿದ್ಯಾರ್ಥಿನಿ ತನ್ನ ಗಣಕದ ಆಂಟಿವೈರಸ್ ತಂತ್ರಾಂಶವನ್ನು ತೆರೆದು, ಅದರ ಲಾಗ್ ಪುಟವನ್ನು ನೋಡುತ್ತಾಳೆಂದು ಇಟ್ಟುಕೊಳ್ಳಿ. ಅಲ್ಲಿ ಸಾಲುಸಾಲಾಗಿ ಒಂದೇ ಮಾತು: ‘ಅನಧಿಕೃತ ಪ್ರವೇಶ ತಡೆಯಲಾಗಿದೆ’. ಪಕ್ಕದಲ್ಲಿ ಅವಳು ದಿನವೂ ಬಳಸುವ ಮುದ್ರಣಯಂತ್ರದ ತಂತ್ರಾಂಶದ ಹೆಸರು! ಅವಳು ಗಾಬರಿಯಿಂದ ಅದನ್ನು ಅಳಿಸಿಹಾಕಬಹುದು. ಇಲ್ಲವೇ ಬೇಸತ್ತು, ಲಾಗ್ ಬರೆಯಿಸುವ ಆತ್ಮರಕ್ಷಣಾ ಸೌಲಭ್ಯವನ್ನೇ ಆರಿಸಿಬಿಡಬಹುದು. ಮೊದಲನೆಯದರಿಂದ ಮುದ್ರಣ ನಿಂತೀತು. ಎರಡನೆಯದು ಬಾಗಿಲು ಬಡಿದ ಸದ್ದು ಜಾಸ್ತಿಯಾಯಿತೆಂದು ಕಾವಲುಗಾರನನ್ನೇ ಮನೆಗೆ ಕಳುಹಿಸಿದಂತೆ.

ಆಂಟಿವೈರಸ್ಸಿಗೆ ಆತ್ಮರಕ್ಷಣೆ ಏಕೆ ಬೇಕಾಯಿತು? ಕಳ್ಳನು ಮೊದಲು ನಾಯಿಗೆ ವಿಷ ಹಾಕುವಂತೆ, ಅನೇಕ ದುಷ್ಟ ಕ್ರಮವಿಧಿಗಳು ಮೊದಲು ಕಾವಲುಗಾರನನ್ನೇ ಮುಗಿಸಲು ನೋಡುತ್ತವೆ. 2002ರಲ್ಲಿ ಹರಡಿದ ಬಗ್‌ಬೇರ್ ಎಂಬ ಹುಳು ಗಣಕದಲ್ಲಿ ನಡೆಯುತ್ತಿದ್ದ ಆಂಟಿವೈರಸ್ಸುಗಳನ್ನು ಹುಡುಕಿ ನಿಲ್ಲಿಸುತ್ತಿತ್ತು. ಇಂಥ ಅನುಭವಗಳಿಂದಾಗಿ ತಯಾರಕರು ತಮ್ಮ ಕಡತಗಳನ್ನೂ ನಡೆಯುತ್ತಿರುವ ಪ್ರಕ್ರಿಯೆಗಳನ್ನೂ ತಾವೇ ಕಾಯುವ ಏರ್ಪಾಟು ಮಾಡಿಕೊಂಡರು. ನೆರೆಯ ಪುಣೆಯ ಕ್ವಿಕ್ ಹೀಲ್‌ನಲ್ಲಿ ಇದಕ್ಕೆ ಸೆಲ್ಫ್ ಪ್ರೊಟೆಕ್ಷನ್ ಎಂದು ಹೆಸರು. ವಿಂಡೋಸ್‌ನ ಡಿಫೆಂಡರ್‌ನಲ್ಲಿ 2019ರಲ್ಲಿ ಬಂದದ್ದು ಟ್ಯಾಂಪರ್ ಪ್ರೊಟೆಕ್ಷನ್.

ಈಗ ಮುಖ್ಯ ಪ್ರಶ್ನೆ. ನಿರುಪದ್ರವಿ ತಂತ್ರಾಂಶವೊಂದು ಆಂಟಿವೈರಸ್ಸಿನ ಬಾಗಿಲನ್ನು ಏಕೆ ತಟ್ಟುತ್ತದೆ? ವಿಂಡೋಸ್‌ನಲ್ಲಿ ಒಂದು ಪ್ರಕ್ರಿಯೆ ಇನ್ನೊಂದನ್ನು ಮುಟ್ಟಬೇಕಾದರೆ ಮೊದಲು ಅನುಮತಿ ಕೇಳಬೇಕು. ಕೇಳುವಾಗ ‘ನೋಡಲು ಮಾತ್ರ’, ‘ಸ್ಮೃತಿಯಲ್ಲಿ ಬರೆಯಲು’, ‘ನಿಲ್ಲಿಸಲು’ ಎಂದು ಹಕ್ಕುಗಳನ್ನು ಹೆಸರಿಸಬೇಕು. ಹೊಸ ತಂತ್ರಾಂಶವನ್ನು ಅಳವಡಿಸುವ ಇನ್‌ಸ್ಟಾಲರ್ ತನಗೆ ಬೇಕಾದ ಕಡತ ಯಾರ ಕೈಯಲ್ಲಿದೆಯೆಂದು ತಿಳಿಯಲು ನಡೆಯುತ್ತಿರುವ ಪ್ರಕ್ರಿಯೆಗಳನ್ನು ಒಂದೊಂದಾಗಿ ವಿಚಾರಿಸಬಹುದು. ತನ್ನ ಹಳೆಯ ಪ್ರತಿ ಇನ್ನೂ ಓಡುತ್ತಿದೆಯೇ ಎಂದು ನೋಡುವ ಅಪ್‌ಡೇಟರ್ ಸಹ ಹೀಗೆಯೇ. ಆ ಸಾಲಿನಲ್ಲಿ ಆಂಟಿವೈರಸ್ಸೂ ನಿಂತಿರುತ್ತದೆ. ಇಲ್ಲಿ ಕ್ರಮವಿಧಿ ಬರೆದವರ ಸೋಮಾರಿತನವೂ ಸೇರಿಕೊಳ್ಳುವುದುಂಟು. ನೋಡುವ ಹಕ್ಕು ಸಾಕಾಗಿದ್ದಲ್ಲಿ ‘ಪ್ರೊಸೆಸ್ ಆಲ್ ಆಕ್ಸೆಸ್’, ಅಂದರೆ ಸಕಲ ಹಕ್ಕುಗಳನ್ನೂ ಕೇಳಿಬಿಡುತ್ತಾರೆ! ಹೆಸರು ಕೇಳಲು ಬಂದವನು ತಿಜೋರಿಯ ಬೀಗದಕೈಯನ್ನೂ ಕೇಳಿದ ಹಾಗೆ. ಕಾವಲುಗಾರ ಹೆಚ್ಚಿನ ಹಕ್ಕುಗಳನ್ನು ಕತ್ತರಿಸಿ, ಒಂದು ಸಾಲು ಬರೆದಿಡುತ್ತಾನೆ. ಬಂದವನಿಗೆ ಬೇಕಾದದ್ದು ಸಿಕ್ಕಿರುತ್ತದೆ ಅಥವಾ ಅವನು ಮುಂದಿನ ಮನೆಗೆ ಹೋಗಿರುತ್ತಾನೆ. ಆದ್ದರಿಂದಲೇ ಲಾಗ್ ತುಂಬಿದ್ದರೂ ತಂತ್ರಾಂಶ ಸರಿಯಾಗಿಯೇ ಕೆಲಸ ಮಾಡುತ್ತಿರುತ್ತದೆ.

ನಾರ್ಟನ್‌ನಂಥ ತಂತ್ರಾಂಶದ ಲಾಗ್‌ನಲ್ಲಿ ಆಕ್ಟರ್, ಟಾರ್ಗೆಟ್, ಆಕ್ಷನ್, ರಿಆಕ್ಷನ್ ಎಂಬ ಶೀರ್ಷಿಕೆಗಳನ್ನು ಕಾಣುತ್ತೀರಿ. ಬಂದವರು ಯಾರು, ಯಾರ ಬಳಿಗೆ, ಏನು ಮಾಡಲು, ಕಾವಲುಗಾರ ಏನು ಮಾಡಿದ ಎಂದರ್ಥ. ‘ಇದು ವೈರಸ್’ ಎಂಬ ತೀರ್ಪು ಈ ನಾಲ್ಕರಲ್ಲಿ ಎಲ್ಲಿಯೂ ಇಲ್ಲ. ಅದು ತಪಾಸಣೆಯ ಫಲಿತಾಂಶದಲ್ಲಿ ಬೇರೆಯಾಗಿ ಬರುತ್ತದೆ. ನಮ್ಮನ್ನು ಹೆದರಿಸುವುದು ‘ಅನಧಿಕೃತ’ ಎಂಬ ಒಂದು ಪದ ಮಾತ್ರ.

ಹಾಗೆಂದು ಎಲ್ಲವನ್ನೂ ಕಡೆಗಣಿಸಬೇಡಿ. ಆಕ್ಟರ್ ಎಂಬಲ್ಲಿ ಕಡತದ ಪೂರ್ಣ ವಿಳಾಸವನ್ನು ಓದಿರಿ. ವಿಂಡೋಸ್‌ನ ಸ್ವಂತ ಎಸ್‌ವಿಸಿ-ಹೋಸ್ಟ್ ಇರಬೇಕಾದ ಜಾಗ ಸಿಸ್ಟಮ್-32 ಕಡತಕೋಶ. ಅದೇ ಹೆಸರು ಟೆಂಪ್ ಕೋಶದಿಂದ ಬಂದಿದ್ದರೆ, ಅಥವಾ ‘ಓ’ ಅಕ್ಷರದ ಜಾಗದಲ್ಲಿ ಸೊನ್ನೆ ಕುಳಿತಿದ್ದರೆ, ವೇಷಧಾರಿ ಬಂದಿರಬಹುದು. ಕೇಳಿದ್ದು ‘ನಿಲ್ಲಿಸುವ’ ಅಥವಾ ‘ಬರೆಯುವ’ ಹಕ್ಕಾಗಿದ್ದು, ಕಡತ ನಿಮಗೆ ಅಪರಿಚಿತವಾಗಿದ್ದರೆ ಪೂರ್ಣ ತಪಾಸಣೆ ನಡೆಸಿ, ಉಪಾಧ್ಯಾಯರಿಗೆ ತೋರಿಸಿರಿ. ಕಡತದ ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಹಿ ಇದೆಯೇ ಎಂದೂ ನೋಡಬಹುದು. ಸಹಿಯೊಂದೇ ಸಾಲದು ಎಂಬುದಕ್ಕೂ ಉದಾಹರಣೆ ಇದೆ: ಅವಾಸ್ಟ್ ಆಂಟಿವೈರಸ್ಸಿನದೇ ಒಂದು ಹಳೆಯ, ಸಹಿಯುಳ್ಳ ಡ್ರೈವರನ್ನು ಅವೋಸ್‌ಲಾಕರ್ ಎಂಬ ಸುಲಿಗೆಕೋರ ತಂತ್ರಾಂಶ ಇತರ ಕಾವಲುಗಾರರನ್ನು ನಿಲ್ಲಿಸಲು ಬಳಸಿದ್ದು 2022ರಲ್ಲಿ ಬೆಳಕಿಗೆ ಬಂತು.

ನಮ್ಮ ವಿದ್ಯಾರ್ಥಿನಿಯ ಬಳಿಗೆ ಮರಳೋಣ. ಅವಳು ಲಾಗ್‌ನ ವೇಳೆಯನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಲಿ. ಪ್ರತಿದಿನ ಗಣಕವನ್ನು ಚಾಲೂ ಮಾಡಿದ ಎರಡು ನಿಮಿಷಕ್ಕೆ ಸರಿಯಾಗಿ ಸಾಲುಗಳು ಮೂಡುತ್ತಿವೆಯೇ? ಮುದ್ರಣಯಂತ್ರದ ಅಪ್‌ಡೇಟರ್ ಎದ್ದು ಕುಳಿತುಕೊಳ್ಳುವುದು ಆಗಲೇ ಇರಬೇಕು. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಅದರ ಹೆಸರು ಮತ್ತು ಏಳುವ ಸಮಯ ಸಿಕ್ಕರೆ, ಎರಡನ್ನೂ ತಾಳೆನೋಡಲಿ. ತಾಳೆಯಾದರೆ ಮುದ್ರಣಯಂತ್ರದ ತಂತ್ರಾಂಶ ಇದ್ದಲ್ಲಿಯೇ ಇರಲಿ, ಆತ್ಮರಕ್ಷಣೆಯೂ ಇರಲಿ. ತಾಳೆಯಾಗದೆ ಉಳಿದ ಸಾಲೇನಾದರೂ ಇದ್ದರೆ, ಆ ಒಂದರ ಮೇಲೆ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡು, ಪೂರ್ಣ ವಿಳಾಸದಿಂದ ಮತ್ತೆ ಓದಲು ತೊಡಗಲಿ.