ಯಾವ ಮೆಟ್ಟಿಲಿನಲ್ಲಿ ನಿಲ್ಲಿಸಬೇಕು?

(ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಲಾಗ ಹಾಕುವುದರಲ್ಲಿ ಚುರುಕಾದ ಮಗುವನ್ನು ಯಾವ ಮಟ್ಟದ ಸ್ಪರ್ಧೆಗೆ ಕಳುಹಿಸಬೇಕೆಂದು ಜಹೀರಾಬಾದ, ನಾರಾಯಣಖೇಡ, ತಾಂಡೂರುಗಳ ತಂದೆತಾಯಿಗಳು ಈಗ ಕೇಳತೊಡಗಿದ್ದಾರೆ. ಅದಕ್ಕೆ ಕಾರಣವೂ ಉಂಟು. ಹೈದರಾಬಾದಿನ ಅರುಣಾ ಬುಡ್ಡಾ ರೆಡ್ಡಿಯವರು 2018ರಲ್ಲಿ ಮೆಲ್ಬರ್ನಿನ ವಿಶ್ವಕಪ್ ಜಿಮ್ನಾಸ್ಟಿಕ್ಸಿನ ವಾಲ್ಟ್ ವಿಭಾಗದಲ್ಲಿ ಕಂಚಿನ ಪದಕ ಪಡೆದರು. ವಿಶ್ವಕಪ್ಪಿನಲ್ಲಿ ಭಾರತಕ್ಕೆ ದೊರೆತ ಮೊದಲ ವೈಯಕ್ತಿಕ ಪದಕವದು. ಆಕೆ ಮೊದಲು ಕಲಿತದ್ದು ಕರಾಟೆ; ಜಿಮ್ನಾಸ್ಟಿಕ್ಸಿಗೆ ಸೇರಿಸಿದವರು ತಂದೆ.

ಪೋಷಕರು ಮೊದಲು ತಿಳಿಯಬೇಕಾದುದು ಅಂಕ ಕೊಡುವ ಕ್ರಮವನ್ನು. ಕಸರತ್ತಿನ ಕಾಠಿಣ್ಯಕ್ಕೆ ಒಂದು ಅಂಕ, ನಿರ್ವಹಣೆಗೆ ಇನ್ನೊಂದು. ಎರಡನೆಯದು ಹತ್ತರಿಂದ ಇಳಿಯುತ್ತ ಬರುವುದು: ಸಣ್ಣ ದೋಷಕ್ಕೆ 0.1, ಮಧ್ಯಮಕ್ಕೆ 0.3, ದೊಡ್ಡದಕ್ಕೆ 0.5, ಬಿದ್ದರೆ ಪೂರ್ಣ 1 ಅಂಕ. ಆದುದರಿಂದ ಹಿಡಿತಕ್ಕೆ ಬಾರದ ಕಠಿಣ ಕಸರತ್ತು ಮಗುವಿಗೆ ಲಾಭವನ್ನು ತರದು. ಅಗರ್ತಲದ ದೀಪಾ ಕರ್ಮಾಕರ್ ಅವರು ಆರನೆಯ ವಯಸ್ಸಿನಲ್ಲಿ ಅಭ್ಯಾಸ ಆರಂಭಿಸಿದರು. ಅಪಾಯಕಾರಿಯಾದ ಪ್ರೊದುನೋವಾ ವಾಲ್ಟನ್ನು ಮಾಡಿ ಕಾಮನ್‌ವೆಲ್ತ್ ಕೂಟದಲ್ಲಿ ಕಂಚು ಗೆದ್ದದ್ದು 2014ರಲ್ಲಿ, ಇಪ್ಪತ್ತು ತುಂಬಿದ ಮೇಲೆ. 2016ರ ರಿಯೊ ಒಲಿಂಪಿಕ್ಸಿನಲ್ಲಿ ಅವರಿಗೆ ಪದಕ ತಪ್ಪಿದ್ದು ಕೇವಲ 0.150 ಅಂಕದಿಂದ. ಅಷ್ಟು ಸೂಕ್ಷ್ಮವಾದ ತಕ್ಕಡಿ ಅದು!

ಹಿಂದೆ ಅವಸರಕ್ಕೆ ಒಂದು ಅರ್ಥವಿತ್ತು. 1976ರಲ್ಲಿ ರುಮೇನಿಯಾದ ನಾದಿಯಾ ಕೊಮನೆಚಿ ಹದಿನಾಲ್ಕರ ಬಾಲೆಯಾಗಿಯೇ ಒಲಿಂಪಿಕ್ಸಿನಲ್ಲಿ ಪೂರ್ಣ ಹತ್ತು ಅಂಕ ಪಡೆದಳು. 1997ರಿಂದ ಹಿರಿಯ ಮಹಿಳೆಯರ ಅಂತರರಾಷ್ಟ್ರೀಯ ಸ್ಪರ್ಧೆಗಿಳಿಯಲು ಆ ವರ್ಷ 16 ತುಂಬಬೇಕು. ಹೀಗಿರಲು ಒಂಬತ್ತರ ಮಗುವನ್ನು ಮೇಲಿನ ಮಟ್ಟಕ್ಕೆ ದೂಡುವುದು ಯಾರನ್ನು ಹಿಂದೆ ಹಾಕುವುದಕ್ಕೆ?

ಶಾಲಾ ಕ್ರೀಡಾಕೂಟಗಳಲ್ಲಿ 14, 17, 19 ವರ್ಷದೊಳಗಿನ ವಿಭಾಗಗಳಿವೆ, ಅಲ್ಲಿ ಕಾಯಬಹುದು. ಹಕೀಂಪೇಟೆಯ ತೆಲಂಗಾಣ ಕ್ರೀಡಾಶಾಲೆಯಾದರೋ ನಾಲ್ಕನೆಯ ತರಗತಿಗೇ ಮಕ್ಕಳನ್ನು ಆರಿಸಿಕೊಳ್ಳುತ್ತದೆ. ಊಟ, ವಸತಿ, ತರಬೇತಿ ಎಲ್ಲವೂ ಅಲ್ಲಿಯೇ. ಕನ್ನಡ ಮಾಧ್ಯಮ ಮಾತ್ರ ಇಲ್ಲ. ಈಗಷ್ಟೇ ಒತ್ತಕ್ಷರಗಳು ಕೈಗೆ ಹತ್ತಿದ ಮಗು ಮನೆಯನ್ನೂ ಭಾಷೆಯನ್ನೂ ಒಮ್ಮೆಗೇ ಬಿಟ್ಟುಹೋಗಬೇಕು. ಮುಖ್ಯಾಧ್ಯಾಪಕನು ತನ್ನ ಹಾಜರಿ ಪುಸ್ತಕಕ್ಕಾಗಿ ಹೀಗೆ ಹೇಳುತ್ತಾನೆಂದು ನೀವು ನಕ್ಕರೆ ನಾನೂ ನಗುವೆನು. ಆದರೂ ಮಗು ತಾನಾಗಿ ಬಯಸಿದರೆ ತಡೆಯಬೇಡಿರಿ. ಯಾವ ಕ್ರೀಡೆಯಲ್ಲಿ ತರಬೇತಿ ದೊರೆಯುವುದೆಂದು ಮಾತ್ರ ಸೇರಿಸುವ ಮೊದಲೇ ವಿಚಾರಿಸಿರಿ. ರಜೆಯಲ್ಲಿ ಬಂದಾಗ ಕನ್ನಡ ಓದಿಸುವ ಹೊಣೆ ನಮ್ಮದು.

ಹೋಗಲಾರದವರಿಗೆ ಮಲ್ಲಕಂಬವುಂಟು. ಹರಳೆಣ್ಣೆ ಸವರಿದ ಕಂಬವೊಂದು, ಹಗ್ಗವೊಂದು, ಬಲ್ಲ ಗುರುವೊಬ್ಬನಿದ್ದರೆ ಮೈ ಹದವಾಗುವುದು. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಂಥ ಹಳ್ಳಿ ಇದರಿಂದಲೇ ಹೆಸರಾಯಿತು. ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿಯೂ ಇದಕ್ಕೆ ಸ್ಥಾನ ದೊರೆತಿದೆ.

ಮಣಿಕಟ್ಟು ನೋಯುತ್ತದೆಂದು ಮಗು ಹೇಳಿದರೆ ಅದನ್ನು ಸೋಮಾರಿತನವೆನ್ನಬೇಡಿರಿ; ಬೆಳೆಯುವ ಎಲುಬಿನ ತುದಿ ಇನ್ನೂ ಎಳೆಯದು. ಆಯ್ಕೆಗೆ ಹೆಸರು ಬರೆಸುವವರು ಜನನ ಪ್ರಮಾಣಪತ್ರದೊಡನೆ ಮಗುವನ್ನೂ ಕಛೇರಿಗೆ ಕರೆತನ್ನಿರಿ. ಅದರ ಮಾತನ್ನು ಕೇಳಿಯೇ ಅರ್ಜಿಗೆ ಸಹಿ ಹಾಕೋಣ.