ಚಪ್ಪಾಳೆ ನಿಂತ ಮೇಲೆ



ರಾಷ್ಟ್ರಪ್ರಶಸ್ತಿ ಪಡೆದ ರಾಜೇಂದ್ರಸಿಂಗ್ ಬಾಬು ಅವರ ‘ಮುತ್ತಿನ ಹಾರ’ (1990) ಚಿತ್ರವನ್ನು ಏಲೂರಿನ ನಮ್ಮ ಮನೆಯಲ್ಲಿ, ನೆರೆಯ ಮಲಯಾಳಿ ಕುಟುಂಬದೊಡನೆ, ಕ್ಯಾಸೆಟ್ಟಿನಲ್ಲಿ ನೋಡಿದ ಸಂಜೆಯನ್ನು ನಾನು ಮರೆತಿಲ್ಲ.

ಕಾಳಗದ ದೃಶ್ಯಗಳಿಗೆ ಮಕ್ಕಳು ಚಪ್ಪಾಳೆ ತಟ್ಟಿದರು. ವಿಷ್ಣುವರ್ಧನ್ ಅಭಿನಯಿಸಿದ ಕೊಡಗಿನ ಯೋಧನ ಸಂಸಾರ ಯುದ್ಧದ ಪಾಲಾದಾಗ ಕೋಣೆ ಸ್ತಬ್ಧವಾಯಿತು. ಕನ್ನಡವರಿಯದ ನೆರೆಮನೆಯ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರ ಮಗ ಸೈನ್ಯದಲ್ಲಿದ್ದ. ‘ನಾವು ಗೆದ್ದೆವೋ, ಸೋತೆವೋ?’ ಎಂದು ನನ್ನ ಕಿರಿಯ ಮಗ ಕೇಳಿದ. ಉತ್ತರಿಸಲು ನನ್ನಿಂದಾಗಲಿಲ್ಲ.

ಇಂಥ ಚಿತ್ರ ದುಃಖಾಂತವಾಗಬೇಕಿತ್ತೇ ಎಂದು ಆಕ್ಷೇಪಿಸುವವರುಂಟು. ಸುಖಾಂತವಾಗಿದ್ದರೆ ನಾವು ಗೆಲುವನ್ನಷ್ಟೇ ಎಣಿಸಿಕೊಂಡು ಏಳುತ್ತಿದ್ದೆವು. ಅದರ ಬೆಲೆಯನ್ನು ಆ ತಾಯಿಯೊಬ್ಬರೇ ಲೆಕ್ಕ ಹಾಕುತ್ತಿದ್ದರು.

ಮರುದಿನ ಆಕೆ ಮಗನಿಗೆ ಕಾಗದ ಬರೆದರು. ಚಿತ್ರದ ಸಂಗತಿಯನ್ನು ಮಾತ್ರ ಬರೆಯಲಿಲ್ಲವಂತೆ.