ಡಾ. ವೆಂಕಟಸ್ವಾಮಿ: ಕೈಯ ವಿದ್ಯೆಯನ್ನು ಹಂಚಿ ಹೋದ ಗುರು

(ನೇತ್ರ ಶಿಬಿರದ ಪೂರ್ವಸಿದ್ಧತಾ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮುಂದಿನ ತಿಂಗಳು ನಮ್ಮ ಊರಿನಲ್ಲಿ ಉಚಿತ ನೇತ್ರ ಶಿಬಿರ ನಡೆಯಲಿದೆ. ಈ ಸಂದರ್ಭದಲ್ಲಿ, ಮಧುರೆಯ ಅರವಿಂದ ಕಣ್ಣಾಸ್ಪತ್ರೆಯ ಸ್ಥಾಪಕರಾದ ಡಾ. ಗೋವಿಂದಪ್ಪ ವೆಂಕಟಸ್ವಾಮಿಯವರನ್ನು ಸ್ಮರಿಸುವ ಹೊಣೆಯನ್ನು ಸಂಘಟಕರು ನನಗೆ ವಹಿಸಿದ್ದಾರೆ. ಅವರು 2006ರ ಜುಲೈ 7ರಂದು ನಮ್ಮನ್ನಗಲಿದರು. ನಾನು ಅವರನ್ನು ಕಂಡವನಲ್ಲ, ಅವರ ಕೆಲಸದ ಕುರಿತು ಓದಿ ತಿಳಿದವನು ಮಾತ್ರ.

ಇಂದಿನ ತಮಿಳುನಾಡಿನ ದಕ್ಷಿಣದ ಹಳ್ಳಿಯೊಂದರಲ್ಲಿ 1918ರಲ್ಲಿ ಜನಿಸಿದ ಅವರಿಗೆ ಪ್ರಸೂತಿ ತಜ್ಞರಾಗುವ ಹಂಬಲವಿತ್ತು. ಬಂಧುವರ್ಗದ ಹೆಣ್ಣುಮಕ್ಕಳು ಬಸಿರು ಬಾಣಂತನದಲ್ಲಿ ಅಸುನೀಗಿದ್ದನ್ನು ಅವರು ಚಿಕ್ಕಂದಿನಲ್ಲೇ ಕಂಡಿದ್ದರು. ಆದರೆ ವೈದ್ಯ ಪದವಿ ಪಡೆದು ಸೇನೆಯಲ್ಲಿ ಸೇವೆಗೆ ಸೇರಿದ ಬಳಿಕ ಸಂಧಿವಾತವು ಅವರನ್ನು ಹಾಸಿಗೆಗೆ ಕೆಡವಿತು. ಬೆರಳುಗಳು ಶಾಶ್ವತವಾಗಿ ಸೊಟ್ಟಗಾದವು. ಹೆರಿಗೆ ಮಾಡಿಸುವುದು ಆ ಕೈಗಳಿಂದ ಸಾಧ್ಯವಿರಲಿಲ್ಲ. ಅವರು ನೇತ್ರಶಾಸ್ತ್ರದ ಕಡೆಗೆ ತಿರುಗಿದರು. ತಮ್ಮ ಕೈಗೆ ಒಗ್ಗುವ ಉಪಕರಣಗಳನ್ನು ರೂಪಿಸಿಕೊಂಡು, ಅದೇ ಸೊಟ್ಟ ಬೆರಳುಗಳಿಂದ ಒಂದು ಲಕ್ಷಕ್ಕೂ ಮಿಕ್ಕಿ ಕಣ್ಣಿನ ಶಸ್ತ್ರಚಿಕಿತ್ಸೆಗಳನ್ನು ಮಾಡಿದರು.

ಸಾಮಾನ್ಯವಾಗಿ ನಾವು ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ತಟ್ಟುತ್ತೇವೆ. ಆದರೆ ಆ ಕೈಗಳು ನಿಶ್ಚಲವಾದ ಮರುದಿನವೂ ಮಧುರೆಯಲ್ಲಿ ಚಿಕಿತ್ಸೆ ನಿಲ್ಲಲಿಲ್ಲ. ಅದು ಹೇಗೆ ಸಾಧ್ಯವಾಯಿತು?

ಮಧುರೆಯ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಅವರು 1976ರಲ್ಲಿ, ತಮ್ಮ 58ನೇ ವಯಸ್ಸಿನಲ್ಲಿ ನಿವೃತ್ತರಾದರು. ಅದೇ ವರ್ಷ 11 ಹಾಸಿಗೆಗಳ ಆಸ್ಪತ್ರೆಯನ್ನು ಆರಂಭಿಸಿದರು. ಹಣ ಸಾಲದಾದಾಗ ಮನೆ ಅಡವಿಟ್ಟರು, ಕುಟುಂಬದ ಒಡವೆಗಳೂ ಗಿರವಿಗೆ ಹೋದವು. ಒಡಹುಟ್ಟಿದವರು, ಅವರ ಸಂಗಾತಿಗಳು ಜೊತೆಗೂಡಿದರು. ತಂಗಿ ಡಾ. ನಾಚಿಯಾರ್ ಮತ್ತು ಆಕೆಯ ಪತಿ ಡಾ. ನಂಪೆರುಮಾಳ್‌ಸಾಮಿ ಅವರ ಗರಡಿಯಲ್ಲೇ ಪಳಗಿದ ನೇತ್ರತಜ್ಞರು.

ಹಳ್ಳಿಯ ಹೆಣ್ಣುಮಕ್ಕಳನ್ನು ಆರಿಸಿ ತಂದು, ಎರಡು ವರ್ಷ ತರಬೇತಿ ನೀಡಿ, ದೃಷ್ಟಿ ಪರೀಕ್ಷೆಯಿಂದ ಹಿಡಿದು ಶಸ್ತ್ರಚಿಕಿತ್ಸೆಗೆ ರೋಗಿಯನ್ನು ಸಿದ್ಧಗೊಳಿಸುವವರೆಗಿನ ಕೆಲಸಗಳನ್ನು ಅವರಿಗೆ ವಹಿಸಲಾಯಿತು. ಶಸ್ತ್ರವೈದ್ಯನ ಮುಂದೆ ಎರಡು ಮೇಜುಗಳು. ಒಂದರಲ್ಲಿ ಚಿಕಿತ್ಸೆ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ರೋಗಿ ಸಿದ್ಧ. ವೈದ್ಯ ಅತ್ತ ತಿರುಗಿದರಾಯಿತು. ಹೀಗೆ ಒಬ್ಬ ವೈದ್ಯನಿಂದ ಹಲವರ ಕೆಲಸ ನಡೆಯಿತು, ಖರ್ಚು ಇಳಿಯಿತು. ಹಣ ಕೊಡಬಲ್ಲವರಿಂದ ಬಂದ ಆದಾಯದಲ್ಲೇ ಬಡವರ ಚಿಕಿತ್ಸೆ ಸಾಗಿತು. ಆದಾಯ ಪ್ರಮಾಣಪತ್ರ ತಾ ಎಂದು ಯಾರನ್ನೂ ಪೀಡಿಸಲಿಲ್ಲ. 1992ರಲ್ಲಿ ಅವರ ಬಳಗ ಕಣ್ಣೊಳಗೆ ಅಳವಡಿಸುವ ಮಸೂರವನ್ನು ತಾನೇ ತಯಾರಿಸತೊಡಗಿ, ಆಮದು ಬೆಲೆಯ ಅಲ್ಪಾಂಶಕ್ಕೆ ಅದನ್ನು ಒದಗಿಸಿತು. ಈ ವಿದ್ಯೆಯನ್ನು ಅವರು ಗುಟ್ಟಾಗಿಟ್ಟರೇ? ಇಲ್ಲ. ಬೇರೆ ಆಸ್ಪತ್ರೆಗಳಿಗೂ ಇದನ್ನು ಕಲಿಸಲೆಂದೇ ಒಂದು ಸಂಸ್ಥೆಯನ್ನು ಕಟ್ಟಿದರು.

ಅವರು ಕಲಿತ ಒಂದು ಪಾಠ ನನ್ನನ್ನು ಬಹಳ ಕಾಡುತ್ತದೆ. ಶಿಬಿರದಲ್ಲಿ ಪೊರೆ ಪತ್ತೆಯಾದ ಅನೇಕರು, ಚಿಕಿತ್ಸೆ ಉಚಿತವೆಂದರೂ ಆಸ್ಪತ್ರೆಗೆ ಬರುತ್ತಿರಲಿಲ್ಲ. ವಿಚಾರಿಸಿದಾಗ ತಿಳಿದದ್ದು: ಬಸ್ಸಿನ ಹಣವಿಲ್ಲ, ಊಟದ ಚಿಂತೆ, ಜೊತೆಗೆ ಬರಲು ಜನವಿಲ್ಲ. ಅಂದಿನಿಂದ ವಾಹನ, ಊಟ, ಮರಳಿ ಊರಿಗೆ ಮುಟ್ಟಿಸುವುದು ಎಲ್ಲವೂ ಚಿಕಿತ್ಸೆಯ ಭಾಗವೇ ಆಯಿತು.

ಇದನ್ನು ಓದಿದಾಗ ನನಗೆ ನೆನಪಾದದ್ದು ನನ್ನ ಅಜ್ಜಿ. ನಮ್ಮ ಬೀದಿಯಲ್ಲೂ ಧ್ವನಿವರ್ಧಕದಲ್ಲಿ ಶಿಬಿರದ ಪ್ರಚಾರ ನಡೆದಿತ್ತು. ತಂದೆಗೆ ಅಂಗಡಿ, ನಮಗೆ ಪರೀಕ್ಷೆ. ಮುಂದಿನ ವರ್ಷ ನೋಡೋಣವೆಂದೆವು. ಆಕೆ ಕೊನೆಯ ಆರು ವರ್ಷ ನಮ್ಮನ್ನು ಕೆನ್ನೆ ಸವರಿಯೇ ಗುರುತಿಸಿದರು. ಒಮ್ಮೆಯೂ ದೂರಲಿಲ್ಲ, ಅದೇ ಕಷ್ಟ. ಅಂದು ಬೇಕಿದ್ದದ್ದು ಒಂದು ರಿಕ್ಷಾ ಮತ್ತು ಒಬ್ಬ ಹುಡುಗನ ಒಂದು ದಿನ.

ಶಿಬಿರದ ಬ್ಯಾನರಿನಲ್ಲಿ ನಮ್ಮೆಲ್ಲರ ಭಾವಚಿತ್ರ ಹಾಕಿಸುವ ಪ್ರಸ್ತಾಪವಿದೆಯೆಂದು ಕೇಳಿದೆ. ಆ ಹಣಕ್ಕೆ ಎಷ್ಟು ರಿಕ್ಷಾ ಬಾಡಿಗೆಯಾಗುತ್ತದೆಂದು ಕಾರ್ಯದರ್ಶಿಗಳು ಲೆಕ್ಕ ಹಾಕಲಿ. ಬಾಗಿಲ ಬಳಿಯ ಮೇಜಿನಲ್ಲಿ ಒಂದು ಪುಸ್ತಕವಿಟ್ಟಿದ್ದೇವೆ. ನಿಮ್ಮ ಓಣಿಯಲ್ಲಿ ಕಣ್ಣು ಮಂಜಾಗಿರುವ ಹಿರಿಯರ ಹೆಸರನ್ನು ಅದರಲ್ಲಿ ಬರೆಯಿರಿ, ಪಕ್ಕದಲ್ಲೇ ಅವರನ್ನು ಕರೆತರುವವರ ಹೆಸರನ್ನೂ ಬರೆಯಿರಿ. ಮೊದಲ ಪುಟದಲ್ಲಿ ಎರಡನೆಯ ಸಾಲಿಗೆ ನನ್ನ ಹೆಸರನ್ನು ನಾನು ಈಗಾಗಲೇ ಬರೆದಿದ್ದೇನೆ.